ಕೆಡವುವ ಮುಂಚೆ ನೀರು ಎಲ್ಲಿಂದ ಬರ್ತಿದೆ ನೋಡಿ

ನಾನು ಸಿವಿಲ್ ಎಂಜಿನಿಯರ್. ಬೆಂಗಳೂರಿನ ಹಳೆ ಮನೆಗಳ ರಿಪೇರಿ ಮಾಡಿಸುವುದೇ ನನ್ನ ಕೆಲಸ. ನನಗೆ ಬರುವ ಫೋನ್‌ಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಸಾರ್, ಮನೆ ಪೂರ್ತಿ ಹೋಗಿದೆ, ಕೆಡವಿ ಕಟ್ಟೋದೇ ವಾಸಿ ಅಂತ ಎಲ್ರೂ ಹೇಳ್ತಿದಾರೆ. ಒಂದ್ಸಲ ಬಂದು ನೋಡ್ತೀರಾ?" ಹೋಗಿ ನೋಡಿದರೆ ಹೆಚ್ಚಿನ ಕಡೆ ಮನೆ ಗಟ್ಟಿಯಾಗೇ ಇರುತ್ತದೆ. ಎಲ್ಲೋ ಒಂದು ಕಡೆಯಿಂದ ನೀರು ಒಳಗೆ ಸೇರುತ್ತಿರುತ್ತದೆ. ಅದನ್ನು ವರ್ಷಗಟ್ಟಲೆ ಯಾರೂ ಹುಡುಕಿರುವುದಿಲ್ಲ.

ಬಸವನಗುಡಿಯ ಒಂದು ಮನೆಯ ಕೆಲಸ ಹೇಳುತ್ತೇನೆ. ಒಂದೂವರೆ ಅಡಿ ದಪ್ಪದ ಇಟ್ಟಿಗೆ ಗೋಡೆ, ಮೇಲೆ ಮದ್ರಾಸ್ ತಾರಸಿ, ಮುಂದಿನ ವರಾಂಡಕ್ಕೆ ಮಂಗಳೂರು ಹೆಂಚು. ಇದ್ದವರು ವಯಸ್ಸಾದ ಗಂಡ ಹೆಂಡತಿ. ಮಗ ಕೆಡವಬೇಕು ಅಂತ ಆಗಲೇ ಒಬ್ಬ ಕಂಟ್ರ್ಯಾಕ್ಟರ್ ಹತ್ತಿರ ಮಾತಾಡಿದ್ದರು. ಕೆಳಗಿನ ಗೋಡೆಯೆಲ್ಲ ಉಪ್ಪು ಎದ್ದು ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ನಡುಮನೆಯ ತಾರಸಿಯಲ್ಲಿ ದೊಡ್ಡ ಕಲೆ. ನೋಡಿದವರಿಗೆ ಭಯ ಆಗುವುದು ಸಹಜ.

ನಾನು ಯಾವ ಮನೆಗೆ ಹೋದರೂ ಮೊದಲು ನೋಡುವುದು ರಸ್ತೆ. ನಮ್ಮೂರಲ್ಲಿ ಹಳೆ ಡಾಂಬರು ಕೆತ್ತದೆ ಅದರ ಮೇಲೇ ಹೊಸ ಡಾಂಬರು ಹಾಕಿ ಹಾಕಿ ರಸ್ತೆ ಎತ್ತರವಾಗಿದೆ. ಮನೆ ಮಾತ್ರ ಇದ್ದಲ್ಲೇ ಇದೆ. ಒಂದು ಕಾಲದಲ್ಲಿ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಈ ಮನೆಗೆ ಈಗ ಒಂದೇ ಮೆಟ್ಟಿಲು ಉಳಿದಿತ್ತು. ಮಳೆ ಬಂದರೆ ಕಾಂಪೌಂಡಿನೊಳಗೆ ನಿಂತ ನೀರು ಹೊರಗೆ ಹೋಗದೆ ಪಾಯಕ್ಕೆ ಇಳಿಯುತ್ತಿತ್ತು. ಅಲ್ಲಿಂದ ಇಟ್ಟಿಗೆ ಅದನ್ನು ಮೇಲಕ್ಕೆ ಹೀರುತ್ತಿತ್ತು.

ಹಳೆ ಗೋಡೆಗೆ ಇದು ಹೊಸ ತೊಂದರೆ ಅಲ್ಲ. ಸುಣ್ಣದ ಗಾರೆಯ ಗೋಡೆ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಆರುತ್ತದೆ. ಈ ಮನೆಗೆ ಯಾವಾಗಲೋ ಒಳಗೂ ಹೊರಗೂ ಸಿಮೆಂಟ್ ಪ್ಲಾಸ್ಟರಿಂಗ್ ಮಾಡಿಸಿದ್ದರು, ಮೇಲೆ ಆಯಿಲ್ ಪೇಂಟ್. ಸೇರಿದ ನೀರಿಗೆ ಹೊರಬರಲು ಜಾಗವೇ ಇರಲಿಲ್ಲ. ಅದು ಸಿಮೆಂಟಿನ ಹಿಂದೆ ಮೇಲೇರುತ್ತ ಹೋಗಿ, ಕೊನೆಗೆ ಪ್ಲಾಸ್ಟರನ್ನೇ ತಳ್ಳಿಕೊಂಡು ಬಂದಿತ್ತು. ಗೋಡೆ ಸತ್ತಿದೆ ಅಂತ ಅವರು ತಿಳಿದಿದ್ದರು. ಉದುರುತ್ತಿದ್ದದ್ದು ಸಿಮೆಂಟು, ಒಳಗಿನ ಇಟ್ಟಿಗೆ ಚೆನ್ನಾಗೇ ಇತ್ತು.

ನಾನು ಆ ಅಮ್ಮನನ್ನೂ ಮಗನನ್ನೂ ನಿಲ್ಲಿಸಿಕೊಂಡು ಒಂದು ಚದರ ಅಡಿ ಪ್ಲಾಸ್ಟರ್ ಕೀಳಿಸಿದೆ. ಮಾತಿನಲ್ಲಿ ಎಷ್ಟು ಹೇಳಿದರೂ ಜನ ನಂಬುವುದು ಕಷ್ಟ. ಇಟ್ಟಿಗೆಯನ್ನು ಕೈಯಾರೆ ತಟ್ಟಿ ನೋಡಿದ ಮೇಲೆ ಮಗನ ಪ್ರಶ್ನೆಗಳೇ ಬದಲಾದವು. ಕೆಡವಬೇಡಿ ಅಂತ ನಾನು ಯಾರಿಗೂ ಮೊದಲೇ ಹೇಳುವುದಿಲ್ಲ. ಮೊದಲು ತೆಗೆದು ತೋರಿಸುತ್ತೇನೆ.

ಬಿರುಕುಗಳಿಗೆ ಒಂದು ಹಳೆಯ ಪರೀಕ್ಷೆ ಇದೆ. ಬಿರುಕಿನ ಎರಡೂ ಬದಿಗೆ ಕಚ್ಚುವಂತೆ ತೆಳು ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯುವುದು. ಗಾಜು ಒಡೆದರೆ ಗೋಡೆ ಇನ್ನೂ ಕದಲುತ್ತಿದೆ ಅಂತ ಅರ್ಥ. ಒಡೆಯದಿದ್ದರೆ ಅದು ಯಾವತ್ತೋ ಆಗಿ ನಿಂತುಹೋದ ಬಿರುಕು, ತುಂಬಿಸಿದರೆ ಸಾಕು. ಒಂದು ಮಳೆಗಾಲ ದಾಟುವವರೆಗೂ ಕಾಯಬೇಕು. ಈ ಮನೆಯಲ್ಲಿ ಗಾಜು ಹಾಗೇ ಉಳಿಯಿತು.

ತಾರಸಿಯ ಕೆಲಸಕ್ಕೆ ಹೆಚ್ಚು ಸಮಯ ಹಿಡಿಯಿತು. ಮದ್ರಾಸ್ ತಾರಸಿ ಅಂದರೆ ಸುಮ್ನೆ ಅಲ್ಲ. ಮರದ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಕಾಂಕ್ರೀಟ್. ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಚಿಮುಕಿಸುತ್ತ ಮರದ ಕೊಡತಿಯಿಂದ ಬಡಿದು ಬಡಿದು ಗಟ್ಟಿ ಮಾಡುತ್ತಾರೆ. ಇಲ್ಲಿ ಸೋರಿಕೆ ನಿಲ್ಲಲಿ ಅಂತ ಅದರ ಮೇಲೆ ಸಿಮೆಂಟ್ ಹಾಕಿಸಿದ್ದರು, ಅದು ಬಿರುಕು ಬಿಟ್ಟ ಮೇಲೆ ಮತ್ತೊಂದು ಪದರ. ಭಾರ ಜಾಸ್ತಿ ಆಯಿತು, ಸೋರಿಕೆ ನಿಲ್ಲಲಿಲ್ಲ. ಪ್ಯಾರಾಪೆಟ್ ಮೂಲೆಯಲ್ಲಿ ಅರಳಿ ಗಿಡದ ಬೇರು ಮಳೆನೀರು ಹೋಗುವ ಪೈಪಿನ ಬಾಯಿಗೇ ಇಳಿದಿತ್ತು. ಅಲ್ಲೇ ನೀರು ನಿಂತು ಒಳಗೆ ಬರುತ್ತಿತ್ತು.

ಸಿಮೆಂಟ್ ಪದರಗಳನ್ನು ಕೈ ಉಳಿಯಲ್ಲೇ ಬಿಡಿಸಿದೆವು. ಡ್ರಿಲ್ಲಿಂಗ್ ಯಂತ್ರ ಹಾಕಿದರೆ ಅದರ ಅದುರುವಿಕೆಗೆ ಕೆಳಗಿನ ಇಟ್ಟಿಗೆಗಳು ಸಡಿಲವಾಗುತ್ತವೆ. ಹಾಳಾದ ಜಾಗದಲ್ಲಿ ಮಾತ್ರ ಹೊಸ ಸುಣ್ಣದ ಕಾಂಕ್ರೀಟ್. ಈ ಕೆಲಸ ಗೊತ್ತಿರುವ ಮೇಸ್ತ್ರಿಗಳು ಈಗ ಕಡಿಮೆ. ನನ್ನ ಜೊತೆ ಇರುವವರು ತಮ್ಮ ತಂದೆಯಿಂದ ಕಲಿತವರು. ಅವರ ಕೈಕೆಳಗೆ ಯಾವಾಗಲೂ ಇಬ್ಬರು ಹುಡುಗರನ್ನು ಹಾಕುತ್ತೇನೆ. ಹಳೆ ಮನೆಗಳು ಉಳಿಯಬೇಕು ಅಂದರೆ ಈ ಕೈಕೆಲಸ ಮೊದಲು ಉಳಿಯಬೇಕಲ್ವಾ?

ತೊಲೆ, ಜಂತೆಗಳು ಕೊಳೆಯುವುದು ಸಾಮಾನ್ಯವಾಗಿ ಗೋಡೆಯೊಳಗೆ ಸೇರುವ ತುದಿಯಲ್ಲಿ. ಸ್ಕ್ರೂಡ್ರೈವರ್ ಚುಚ್ಚಿ, ತಟ್ಟಿ ಸದ್ದು ಕೇಳಿದರೆ ಗೊತ್ತಾಗುತ್ತದೆ. ಇಲ್ಲಿ ಎರಡು ತೊಲೆಗಳ ತುದಿ ಪೊಳ್ಳಾಗಿತ್ತು. ಉಳಿದ ಉದ್ದಕ್ಕೆ ತೇಗದ ಮರ ಇನ್ನೂ ಗಟ್ಟಿ. ಕೆಳಗಿನಿಂದ ಜಾಕಿ ಕೊಟ್ಟು, ಕೊಳೆತಷ್ಟನ್ನು ಕತ್ತರಿಸಿ, ಹಳೆ ತೇಗದ ತುಂಡು ಸೇರಿಸಿ, ಎರಡೂ ಕಡೆ ಉಕ್ಕಿನ ಪಟ್ಟಿ ಇಟ್ಟು ಬೋಲ್ಟ್ ಹಾಕಿದೆವು. ನಮ್ಮ ಆಚಾರ್ರು ಆ ಜೋಡಣೆ ಮಾಡಿದ್ದನ್ನು ನೋಡಿದರೆ ಇವತ್ತಿಗೂ ಖುಷಿಯಾಗುತ್ತದೆ.

ಕೆಳಗೆ ಅಂಗಳವನ್ನು ತಗ್ಗಿಸಿ, ಇಳಿಜಾರು ಕೊಟ್ಟು, ನೀರನ್ನು ಹಿಂದಿನ ಇಂಗುಗುಂಡಿಗೆ ತಿರುಗಿಸಿದೆವು. ಗೋಡೆಯ ಸಿಮೆಂಟ್ ತೆಗೆದು ತಿಂಗಳುಗಟ್ಟಲೆ ಆರಲು ಬಿಟ್ಟು, ಆಮೇಲೆ ಸುಣ್ಣದ ಪ್ಲಾಸ್ಟರ್ ಮಾಡಿದೆವು. ಮನೆಯವರು ಒಂದೊಂದೇ ಕೋಣೆ ಖಾಲಿ ಮಾಡಿಕೊಂಡು ಅಲ್ಲೇ ಇದ್ದರು. ಬಾಡಿಗೆ ಮನೆಗೆ ಹೋಗುವ ಪ್ರಸಂಗವೇ ಬರಲಿಲ್ಲ. ಫ್ರಾನ್ಸಿನ ಬೋರ್ಡೊ ನಗರದಲ್ಲಿ ಲಕಾಟನ್ ಮತ್ತು ವಸ್ಸಾಲ್ ಎಂಬ ವಾಸ್ತುಶಿಲ್ಪಿಗಳು ಜೊತೆಗಾರರೊಡನೆ ಸೇರಿ 530 ಫ್ಲ್ಯಾಟುಗಳಿಗೆ ಜನ ಒಳಗಿರುವಾಗಲೇ ಹೊಸ ಬಿಸಿಲು ಕೋಣೆಗಳನ್ನು ಸೇರಿಸಿದರು. ಕೆಡವುವುದಕ್ಕೆ ಒಪ್ಪದ ಈ ಜೋಡಿಗೆ 2021ರಲ್ಲಿ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್ಕರ್ ಬಂತು. ಅಲ್ಲಿ ಆಗುವುದಾದರೆ ನಮ್ಮ ಎರಡು ಕೋಣೆಯ ಮನೆಗಳಲ್ಲಿ ಯಾಕಾಗಬಾರದು?

ಮಗನನ್ನು ಒಪ್ಪಿಸಿದ್ದು ಮಾತ್ರ ಲೆಕ್ಕ. ಹಳೆ ಮನೆ ಅಕ್ಕಪಕ್ಕದಲ್ಲಿ ಸೈಟಿನ ಅಂಚಿನವರೆಗೂ ಕಟ್ಟಿದ್ದು. ಕೆಡವಿದರೆ ಈಗಿನ ನಿಯಮದ ಪ್ರಕಾರ ಸುತ್ತ ಜಾಗ ಬಿಡಬೇಕು. ಕೆಳಗಿನ ಮನೆ ಚಿಕ್ಕದಾಗುತ್ತಿತ್ತು. ರಿಪೇರಿಯ ಒಟ್ಟು ಖರ್ಚು ಹೊಸ ಮನೆಯ ಅಂದಾಜಿನ ಅರ್ಧಕ್ಕೂ ಬರಲಿಲ್ಲ. ಬಾಡಿಗೆಗೆ ಕೊಡಲು ಇನ್ನಷ್ಟು ಜಾಗ ಬೇಕು, ಅದಕ್ಕೆ ಕೆಡವುತ್ತೇವೆ ಅನ್ನುವವರಿಗೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ ನೋಡಿ ಬನ್ನಿ ಅನ್ನುತ್ತೇನೆ. 2009ರಲ್ಲಿ ಅಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಶುರುವಾಯಿತು. ಹಳೆ ಬಂಗಲೆ ಹಾಗೇ ಇದೆ, ಬೇಕಾದ ಜಾಗವನ್ನು ಹೊಸದಾಗಿ ಜೊತೆಗೆ ಸೇರಿಸಿದ್ದಾರೆ.

ನನಗೆ ನಿಜಕ್ಕೂ ಬೇಸರ ತರಿಸುವುದು ನಿಯಮಗಳು. ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿ, ಸ್ವಂತ ವಾಸದ ಮನೆ ಕಟ್ಟಲು ಸಾಲ ಮಾಡಿದರೆ ವರ್ಷಕ್ಕೆ 2 ಲಕ್ಷ ರೂಪಾಯಿವರೆಗಿನ ಬಡ್ಡಿಗೆ ವಿನಾಯಿತಿ ಸಿಗುತ್ತದೆ. ಅದೇ ಮನೆಯ ರಿಪೇರಿಗೆ ಸಾಲ ಮಾಡಿದರೆ 30,000 ರೂಪಾಯಿವರೆಗೆ ಮಾತ್ರ. ಇರುವ ಮನೆಯನ್ನು ಕಾಪಾಡಿಕೊಳ್ಳುವವರಿಗೆ ಕಡಿಮೆ ಸಿಗುವುದು ಯಾವ ನ್ಯಾಯ? ಕೆಡವಿ ಕಟ್ಟಿದರೆ ಪರಿಸರಕ್ಕೂ ಪೆಟ್ಟು. 100 ಕೆಜಿ ಶುದ್ಧ ಸುಣ್ಣದ ಕಲ್ಲು ಸುಟ್ಟರೆ 44 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಸಿಮೆಂಟ್ ತಯಾರಿಕೆ ಶುರುವಾಗುವುದೇ ಅಲ್ಲಿಂದ, ಗೂಡಿನ ಇಂಧನದ ಹೊಗೆ ಬೇರೆ. ಕೆಡವಿದ ಮನೆಯ ಅವಶೇಷ ಲಾರಿಗಟ್ಟಲೆ ಹೋಗಿ ಕೆರೆಯಂಚಿಗೋ ರಾಜಕಾಲುವೆಗೋ ಬೀಳುವುದನ್ನು ಈ ಊರಿನಲ್ಲಿ ಎಲ್ಲರೂ ನೋಡಿದ್ದೇವೆ. ಮೊದಲು ಬದಲಾಗಬೇಕಾದದ್ದು ಆ 30,000ದ ಮಿತಿ. ರಿಪೇರಿ ಸಾಲಕ್ಕೂ ಅಷ್ಟೇ ವಿನಾಯಿತಿ ಕೊಟ್ಟರೆ ಎಷ್ಟೋ ಮನೆ ಉಳಿಯುತ್ತವೆ.

ಎಲ್ಲ ಮನೆಗಳನ್ನೂ ಉಳಿಸಲು ಆಗುವುದಿಲ್ಲ. ಪಾಯ ಇನ್ನೂ ಕುಸಿಯುತ್ತಿದ್ದರೆ, ಗೋಡೆ ಹೊರಕ್ಕೆ ವಾಲಿದ್ದರೆ, ಆರ್‌ಸಿಸಿ ಮನೆಯ ಕಂಬಗಳೊಳಗಿನ ಕಂಬಿಯೇ ತುಕ್ಕು ಹಿಡಿದು ಸವೆದಿದ್ದರೆ, ಅಲ್ಲಿ ಜನ ಇರುವುದೇ ಅಪಾಯ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿ ಆಯಿತು. ಅಂಥದ್ದು ಆಗುವವರೆಗೂ ಸುಮ್ಮನಿರಬಾರದು. ಕೆಡವಲೇಬೇಕು ಅಂತ ನಾನೂ ಕೆಲವರಿಗೆ ಬರೆದು ಕೊಟ್ಟಿದ್ದೇನೆ. ಆಗಲೂ ಜೆಸಿಬಿ ತರುವ ಮುಂಚೆ ತೊಲೆ, ಬಾಗಿಲು, ಹೆಂಚು, ಕಲ್ಲಿನ ಚಪ್ಪಡಿ ಬಿಡಿಸಿಡಿ ಅನ್ನುತ್ತೇನೆ. ಬಸವನಗುಡಿ ಮನೆಗೆ ಹಾಕಿದ ತೇಗದ ತುಂಡು ಬಂದದ್ದು ಹಾಗೆ ಬಿಚ್ಚಿದ ಇನ್ನೊಂದು ಮನೆಯಿಂದ.

ಕೆಲಸ ಮುಗಿಸಿ ಬರುವಾಗ ಮನೆಯವರ ಕೈಗೆ ಒಂದು ಹಾಳೆ ಕೊಡುತ್ತೇನೆ. ಮೇ ತಿಂಗಳಲ್ಲಿ ತಾರಸಿ ಗುಡಿಸಿ ಪೈಪಿನ ಬಾಯಿ ಬಿಡಿಸಬೇಕು. ಅರಳಿ, ಆಲದ ಸಸಿ ಕಂಡ ದಿನವೇ ಬೇರು ಸಮೇತ ಕೀಳಬೇಕು. ಒಡೆದ ಹೆಂಚು ಮಳೆಗೆ ಮುಂಚೆ ಬದಲಿಸಬೇಕು. ಸುಣ್ಣದ ಗೋಡೆಗೆ ಆಯಿಲ್ ಪೇಂಟ್ ಬೇಡ, ಸುಣ್ಣವನ್ನೇ ಬಳಿಯಿರಿ. ರಸ್ತೆಗೆ ಮತ್ತೆ ಡಾಂಬರು ಹಾಕಲು ಬಂದರೆ ಹಳೆಯದನ್ನು ಕೆತ್ತಿ ಹಾಕಿ ಅಂತ ಅಕ್ಕಪಕ್ಕದವರನ್ನೂ ಸೇರಿಸಿಕೊಂಡು ನಿಂತು ಕೇಳಿ.