ಒಳಗೆ ಹೋದ ತೋಟೆಯೆಲ್ಲ ಸರಿಯಾದ ತೋಟೆಯಲ್ಲ

ಸಿಡಿದ ಕೋವಿ ಪರೀಕ್ಷೆಗೆ ಬಂದರೆ ನಾನು ಮೊದಲು ಕೇಳುವುದು ಹಾರಿಸಿದ ತೋಟೆಯ ಖಾಲಿ ಕೋಶ, ಆಮೇಲೆ ಅದೇ ಪೆಟ್ಟಿಗೆಯಲ್ಲಿ ಉಳಿದ ತೋಟೆಗಳು. ತಂದವರು ಬಹುತೇಕ ಉಕ್ಕನ್ನೇ ದೂರುತ್ತಾರೆ. ಉಕ್ಕು ಕೆಟ್ಟಿರುವುದೂ ಉಂಟು. 1903ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ರೈಫಲ್‌ಗಳ ಆರಂಭದ ರಿಸೀವರ್‌ಗಳನ್ನು (ನಳಿಗೆಯ ಬುಡ ಕೂರುವ ಉಕ್ಕಿನ ಮೈ) ಮಾಡುವಾಗ ಕಾದ ಉಕ್ಕಿನ ಬಣ್ಣವನ್ನು ಕಣ್ಣಳತೆಯಲ್ಲೇ ನೋಡಿ ಶಾಖ ನಿರ್ಧರಿಸುತ್ತಿದ್ದರು. ಬಿಸಿಲಿನ ದಿನ ಕೆಂಪು ಮಂದವಾಗಿ ಕಂಡು ಉಕ್ಕು ಅತಿಯಾಗಿ ಕಾಯುತ್ತಿತ್ತು, ಹಾಗೆ ಪೆಡಸಾದ ರಿಸೀವರ್‌ಗಳು ಚೂರಾದವು. ಆದರೆ ನನ್ನ ಕೈಗೆ ಬಂದವುಗಳಲ್ಲಿ ಹೆಚ್ಚಿನವು ಸಿಡಿದದ್ದು ಆ ಚೇಂಬರ್‌ಗೆ (ನಳಿಗೆಯ ಬುಡದಲ್ಲಿ ತೋಟೆ ಕೂರುವ ಗೂಡು) ಸೇರದ ತೋಟೆಯಿಂದ, ಇಲ್ಲವೇ ನಳಿಗೆಯಲ್ಲಿ ಮೊದಲೇ ಸಿಕ್ಕಿಕೊಂಡಿದ್ದ ಅಡ್ಡಿಯಿಂದ.

ಎಲ್ಲಿ ಒಡೆದಿದೆ ಎಂದು ನೋಡಿದರೇ ಅರ್ಧ ವಿಷಯ ತಿಳಿಯುತ್ತದೆ. ಚೇಂಬರ್ ಸೀಳಿ, ಕೋಶದ ತಳ ಹರಡಿ, ಪ್ರೈಮರ್ (ತಳದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಚಪ್ಪಟೆಯಾಗಿದ್ದರೆ ಒತ್ತಡ ಮಿತಿ ಮೀರಿದೆ. ನಳಿಗೆಯ ನಡುವೆ ಬಳೆಯಂತೆ ಉಬ್ಬಿದ್ದರೆ ಅಲ್ಲಿ ಏನೋ ಅಡ್ಡ ಇತ್ತು: ಹಿಂದಿನ ಗುಂಡೋ, ಮಣ್ಣೋ, ಒರೆಸುವ ಬಟ್ಟೆಯ ತುಂಡೋ. 12 ಬೋರ್ ಕೋವಿ ಚೇಂಬರ್‌ನ ತುಸು ಮುಂದೆ ಬಾಯಿಬಿಟ್ಟಿದ್ದರೆ ನನ್ನ ಮೊದಲ ಅನುಮಾನ 20 ಬೋರ್ ತೋಟೆಯ ಮೇಲೆ (ಬೋರ್ ಸಂಖ್ಯೆ ಹೆಚ್ಚಿದಷ್ಟೂ ತೋಟೆ ಸಣ್ಣದು).

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. 20 ಬೋರ್ ತೋಟೆಯ ತಳದ ಅಂಚು ಸುಮಾರು 19 ಮಿ.ಮೀ. 12 ಬೋರ್‌ನ ಚೇಂಬರ್ ಅದಕ್ಕಿಂತ ಅಗಲ, ಆದರೆ ನಳಿಗೆಯ ಒಳವ್ಯಾಸ ಸುಮಾರು 18.5 ಮಿ.ಮೀ. ಮಾತ್ರ. ಹಾಗಾಗಿ ತೋಟೆ ಜಾರಿ ಹೋಗಿ ಚೇಂಬರ್ ಕಿರಿದಾಗುವಲ್ಲಿ ಕಚ್ಚಿಕೊಳ್ಳುತ್ತದೆ. ಕುದುರೆ ಎಳೆದರೆ ಬರೀ ಟಕ್ ಎನ್ನುತ್ತದೆ. ಕೋವಿ ತೆರೆದರೆ ಚೇಂಬರ್ ಖಾಲಿ. ತೋಟೆ ಹಾಕಲು ಮರೆತೆನೇನೋ ಎಂದುಕೊಂಡು 12 ಬೋರ್ ತೋಟೆ ತುಂಬಿದರೆ ಅದೂ ಸರಿಯಾಗಿ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ. ಎಲ್ಲವೂ ಸರಿಯಾಗಿದೆ ಎಂದೇ ಕಾಣುತ್ತದೆ, ನನಗೆ ಅತ್ಯಂತ ಭಯ ಹುಟ್ಟಿಸುವುದು ಅದೇ. ಮುಂದಿನ ಹೊಡೆತಕ್ಕೆ ನಳಿಗೆ ಹರಿಯುವುದು ಆಸರೆಯ ಕೈ ಹಿಡಿದಿರುವ ಜಾಗದ ಹತ್ತಿರವೇ. 20 ಬೋರ್ ತೋಟೆಗಳಿಗೆ ಹಳದಿ ಬಣ್ಣ ಮೀಸಲಿಟ್ಟಿರುವುದು ಇದಕ್ಕಾಗಿ. ಹಳೆಯ ತೋಟೆಗಳಲ್ಲಿ ಬೇರೆ ಬಣ್ಣಗಳೂ ಇರುವುದರಿಂದ ನಾನು ಬಣ್ಣ ನೋಡಿದ ಮೇಲೂ ತಳದ ಬರಹ ಓದುತ್ತೇನೆ. 20 ಬೋರ್ ಕೋವಿಗೆ 28 ಬೋರ್ ತೋಟೆ ಹಾಕಿದರೂ ಇದೇ ಗತಿ.

ಉದ್ದದ ವಿಷಯ ಇನ್ನೂ ಸೂಕ್ಷ್ಮ. ತೋಟೆಯ ಪೆಟ್ಟಿಗೆಯ ಮೇಲೆ ಬರೆದಿರುವುದು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ಕೋಶದ ಉದ್ದ. ಮಡಿಸಿದ ಬಾಯಿಯ 3 ಇಂಚಿನ ತೋಟೆ 2¾ ಇಂಚಿನ ಚೇಂಬರ್‌ನಲ್ಲಿ ಸಲೀಸಾಗಿ ಕೂರಬಹುದು. ಹಾರಿದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ದಾರಿ ಕಿರಿದಾಗಿ ಒತ್ತಡ ಏರುತ್ತದೆ. ಹಳೆಯ ಕೋವಿ ಬಂದರೆ ನಾನು ಚೇಂಬರ್ ಗೇಜ್ ಹಾಕಿ ಅಳೆಯದೆ ತೋಟೆಯ ಮಾತೇ ಎತ್ತುವುದಿಲ್ಲ.

ರೈಫಲ್‌ಗಳಲ್ಲಿ ನಾನು ಹೆಚ್ಚು ಎಚ್ಚರ ವಹಿಸುವುದು .300 ಬ್ಲ್ಯಾಕೌಟ್ ಮತ್ತು .223 ಎಂಬ ಎರಡು ಬಗೆಯ ತೋಟೆಗಳ ಜೋಡಿಯ ಬಗ್ಗೆ. ಎರಡಕ್ಕೂ ಒಂದೇ ಮ್ಯಾಗಜೀನ್ (ತೋಟೆ ತುಂಬುವ ಡಬ್ಬಿ), ಒಂದೇ ಬೋಲ್ಟ್ (ಚೇಂಬರ್ ಅನ್ನು ಹಿಂದಿನಿಂದ ಮುಚ್ಚುವ ಭಾಗ). .300 ಬ್ಲ್ಯಾಕೌಟ್‌ನ ಕೆಲವು ತೋಟೆಗಳು .223 ಚೇಂಬರ್‌ಗೆ ಹೋಗಿ ಬೋಲ್ಟ್ ಮುಚ್ಚಿಕೊಳ್ಳುತ್ತದೆ. ಆಮೇಲೆ 7.8 ಮಿ.ಮೀ. ಗುಂಡು 5.7 ಮಿ.ಮೀ. ದಾರಿಯಲ್ಲಿ ನುಗ್ಗಬೇಕು. ಗುಂಡು ಮುಂದೆ ಸರಿಯದೆ ಅನಿಲ ಹಿಂದಕ್ಕೆ ನುಗ್ಗುತ್ತದೆ, ಹಿತ್ತಾಳೆಯ ಕೋಶ ಹರಿಯುತ್ತದೆ, ಮ್ಯಾಗಜೀನ್ ಕೆಳಕ್ಕೆ ಸಿಡಿಯುತ್ತದೆ, ರಿಸೀವರ್ ಬಿರಿಯುತ್ತದೆ. ಅದಕ್ಕೇ ನನ್ನ ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಬಗೆಯ ತೋಟೆ ಇರುತ್ತದೆ. .300ರ ಮ್ಯಾಗಜೀನ್‌ಗಳಿಗೆ ಅಗಲವಾದ ಬಣ್ಣದ ಪಟ್ಟಿ ಸುತ್ತಿದ್ದೇನೆ. ಎರಡು ಬಗೆಯ ರೈಫಲ್‌ಗಳನ್ನು ಒಂದೇ ಚೀಲದಲ್ಲಿ ತರುವವರಿಗೆ ಒಂದನ್ನು ಬೀಗ ಹಾಕಿ ಇಡಲು ಹೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ರೇಂಜ್‌ನಲ್ಲಿ ನಿಂತಾಗ ನಾನು ಗುರಿಗಿಂತ ಸದ್ದಿನ ಕಡೆ ಹೆಚ್ಚು ಗಮನ ಕೊಡುತ್ತೇನೆ. ಸದ್ದು ಪೇಲವವಾಗಿ, ಹಿಂದೊದೆತ ಕಡಿಮೆಯಾಗಿ ಕೇಳಿಸಿದರೆ ಮದ್ದಿಲ್ಲದ ತೋಟೆಯಲ್ಲಿ ಪ್ರೈಮರ್ ಮಾತ್ರವೇ ಗುಂಡನ್ನು ತಳ್ಳಿ ನಳಿಗೆಯಲ್ಲಿ ನಿಲ್ಲಿಸಿರಬಹುದು. ಕೂಡಲೇ ನಿಲ್ಲಿಸು ಎಂದು ಕೂಗುತ್ತೇನೆ. ಕೋವಿಯ ಬಾಯಿ ಗುರಿಯ ಕಡೆಗೇ ಇರಬೇಕು, ಕನಿಷ್ಠ 30 ಸೆಕೆಂಡು ಕಾಯಬೇಕು, ಆಮೇಲೆ ತೋಟೆಗಳನ್ನೆಲ್ಲ ತೆಗೆದು ನಳಿಗೆಗೆ ಕಡ್ಡಿ ಇಳಿಸಿ ದಾರಿ ತೆರವಿದೆಯೇ ನೋಡಬೇಕು. ಇನ್ನೊಂದು ಹೊಡೆದರೆ ಸರಿಹೋಗುತ್ತದೆ ಎಂಬ ಆತುರದಲ್ಲೇ ನಳಿಗೆಗಳು ಸೀಳುತ್ತವೆ.

ಮರುತುಂಬಿದ ತೋಟೆಗಳಲ್ಲಿ ಎರಡು ಸಲ ಮದ್ದು ಬೀಳುವ ಅಪಾಯ ಬೇರೆ ಇದೆ. ಅದಕ್ಕೆ ನಾನು ಎರಡು ಪಾಲು ಹಾಕಿದರೆ ಕೋಶದಿಂದ ಉಕ್ಕಿ ಚೆಲ್ಲುವಂಥ ಮದ್ದನ್ನೇ ಆರಿಸುತ್ತೇನೆ, ಗುಂಡು ಕೂರಿಸುವ ಮೊದಲು ಪ್ರತಿ ಕೋಶಕ್ಕೂ ಟಾರ್ಚ್ ಹಿಡಿದು ನೋಡುತ್ತೇನೆ. ಬೇರೆಯವರು ತುಂಬಿದ, ಪೆಟ್ಟಿಗೆಯಿಲ್ಲದ ಬಿಡಿ ತೋಟೆಗಳನ್ನು ಯಾರೇ ಕೊಟ್ಟರೂ ಹಾರಿಸುವುದಿಲ್ಲ. ಗುಂಡು ಕಿತ್ತು, ಮದ್ದು ಚೆಲ್ಲಿ, ಕೋಶ ಮಾತ್ರ ಇಟ್ಟುಕೊಳ್ಳುತ್ತೇನೆ.