ಕೋಫ್ತ್‌ಗಾರಿ ಕವಚದ ತುಕ್ಕು ಬಿಡಿಸುವುದು: ನಾನು ಅನುಸರಿಸುವ ಕ್ರಮ

ಚಾರ್ ಆಯಿನಾ ಎಂಬ ನಾಲ್ಕು ಹಲಗೆಯ ಮೈಕವಚದ ಎದೆಹಲಗೆಯಾಗಲಿ, ದಸ್ತಾನಾ ಎಂಬ ಮುಂಗೈ ಕವಚವಾಗಲಿ ಕೈಗೆ ಬಂದರೆ, ಉಕ್ಕಿನ ಮೇಲೆ ಕೂರಿಸಿದ ಚಿನ್ನದ ಚಿತ್ತಾರ ಸವೆದುಹೋದ ಜಾಗವನ್ನು ಮೊದಲು ಹುಡುಕುತ್ತೇನೆ. 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಸಾಕು. ಬರಿಯ ಉಕ್ಕಿನ ಮೇಲೆ ಅಡ್ಡಡ್ಡ ಗೀರುಗಳ ಸಣ್ಣ ಬಲೆ ಕಂಡರೆ ಅದು ಕೋಫ್ತ್‌ಗಾರಿ. ಉಕ್ಕಿನ ಮೈಯನ್ನು ಎರಡು ಮೂರು ದಿಕ್ಕಿನಿಂದ ಗೀರಿ ಒರಟು ಮಾಡಿ, ಕೂದಲೆಳೆಯಂಥ ಚಿನ್ನದ ತಂತಿಯನ್ನು ಅದರ ಮೇಲಿಟ್ಟು ಬಡಿದು, ಅಕೀಕ್ ಕಲ್ಲಿನಿಂದ ಒತ್ತಿ ಉಜ್ಜಿ ಕೂರಿಸಿರುತ್ತಾರೆ. ಬೆಸುಗೆಯೂ ಇಲ್ಲ, ಅಂಟೂ ಇಲ್ಲ. ಇಡೀ ಹೂಬಳ್ಳಿ ಆ ಗೀರುಗಳ ಮೊನೆಗಳನ್ನೇ ಕಚ್ಚಿಕೊಂಡಿರುತ್ತದೆ. ಗೀರಿನಲ್ಲಿ ತುಕ್ಕು ಬೆಳೆದರೆ ಚಿನ್ನ ಮೇಲೆದ್ದು ಉದುರುತ್ತದೆ. ಹೊಳಪು ಬರಲೆಂದು ತಿಕ್ಕಿದರೆ ಸವೆದುಹೋಗುತ್ತದೆ. ಆದ್ದರಿಂದ ನನ್ನ ಕೆಲಸವೆಲ್ಲ ತುಕ್ಕನ್ನು ನಿಲ್ಲಿಸುವುದಕ್ಕೆ. ಹೊಳಪು ಎಷ್ಟು ಬರುತ್ತದೋ ಅಷ್ಟೇ ಸಾಕು.

ತಹ್‌ನಿಶಾನ್ ಬೇರೆ. ಅಲ್ಲಿ ಉಕ್ಕಿನಲ್ಲಿ ಕಾಲುವೆ ಕೊರೆದು ದಪ್ಪ ತಂತಿ ಇಳಿಸಿರುವುದರಿಂದ ಸಾಕಷ್ಟು ಗಟ್ಟಿ. ನಮ್ಮ ಬೀದರಿನ ಬಿದ್ರಿ ಕೆಲಸ ಇದಕ್ಕೆ ಹತ್ತಿರ. ಆದರೆ ಬಿದ್ರಿಯ ಮೈ ಸತು ಮತ್ತು ತಾಮ್ರದ ಮಿಶ್ರಲೋಹ, ಅದು ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ. ಬಿದ್ರಿ ಸಾಮಾನಿಗೆ ಒಗ್ಗುವ ಉಪಚಾರ ಉಕ್ಕಿಗೆ ಒಗ್ಗದು. ಇನ್ನು ಗೀರೇ ಕಾಣದೆ, ತುಕ್ಕು ತಿಂದ ಕುಳಿಯೊಳಗೂ ಚಿನ್ನ ಹೊಳೆಯುತ್ತಿದ್ದರೆ ತುಕ್ಕು ಹಿಡಿದ ಮೇಲೆ ಯಾರೋ ಗಿಲೀಟು ಮಾಡಿಸಿದ್ದಾರೆ ಎಂದೇ ಅರ್ಥ.

19ನೇ ಶತಮಾನದ ಇರಾನಿನ ಕಾಜಾರ್ ಕಾಲದ ಸೆಟ್ಟುಗಳು ಮಾರುಕಟ್ಟೆಯಲ್ಲಿ ಹೆಚ್ಚು. ತೆಳು ತಗಡು, ಆಸಿಡ್‌ನಿಂದ ತಿನ್ನಿಸಿದ ಚಿತ್ತಾರ, ತುದಿಗಳನ್ನು ಬರಿದೇ ಒತ್ತಿ ಮುಚ್ಚಿದ ಉಂಗುರಗಳ ಜಾಲ. ಮೊಹರಂನಲ್ಲಿ ಆಡುವ ತಾಜಿಯಾ ಎಂಬ ಧಾರ್ಮಿಕ ನಾಟಕಕ್ಕೆ, ಪ್ರವಾಸಿಗರಿಗೆ ಮಾರುವುದಕ್ಕೆ ಇಂಥವನ್ನು ಮಾಡುತ್ತಿದ್ದರು. ಇವನ್ನು ಖೋಟಾ ಎನ್ನುವುದು ತಪ್ಪು, ಯುದ್ಧದ ಕವಚದ ಬೆಲೆ ಕೊಡುವುದೂ ತಪ್ಪು. ಆಸಿಡ್ ತಿಂದ ತಳ ಒರಟಾಗಿರುವುದರಿಂದ ತುಕ್ಕು ಅಲ್ಲೇ ಕೂತಿರುತ್ತದೆ.

ಒಳಮೈಯನ್ನು ಯಾರೂ ಗಮನಿಸುವುದಿಲ್ಲ. ಹಿಂದೆ ವಿಜಯಪುರದ ಆದಿಲ್‌ಶಾಹಿಗಳ ಕೈಯಲ್ಲಿದ್ದ ಆದೋನಿ ಕೋಟೆ 1680ರ ದಶಕದ ಕೊನೆಯಲ್ಲಿ ಮೊಘಲರ ಪಾಲಾದಾಗ, ಔರಂಗಜೇಬನ ಪರವಾಗಿ ಹೋರಾಡಿದ ಬಿಕಾನೇರಿನ ಅನೂಪ್ ಸಿಂಗ್ ಅಲ್ಲಿನ ಆಯುಧ, ಕವಚಗಳನ್ನು ತನ್ನೂರಿಗೆ ಸಾಗಿಸಿದ. ಬಿಕಾನೇರಿನ ಶಸ್ತ್ರಾಗಾರದ ಎಷ್ಟೋ ವಸ್ತುಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ನಾಗರಿ ಅಕ್ಷರಗಳಿವೆ. ಹಳೆ ಎಣ್ಣೆಯ ಕರಿ ಪದರದ ಅಡಿಯಲ್ಲಿ ಅಂಥ ಒಂದು ಸಾಲು ಅಡಗಿದ್ದರೆ, ಒಂದೇ ತಿಕ್ಕಿಗೆ ಆ ವಸ್ತುವಿನ ಮುನ್ನೂರು ವರ್ಷದ ಗುರುತು ಹೋಯಿತು. ಅದಕ್ಕೇ ಒಳಮೈಗೂ ಹೊರಮೈಯಷ್ಟೇ ಸಮಯ ಕೊಡುತ್ತೇನೆ, ಪಕ್ಕದಿಂದ ಓರೆಬೆಳಕು ಬಿಟ್ಟು ಮೊದಲೇ ಫೋಟೊ ತೆಗೆದಿಡುತ್ತೇನೆ.

ನೈಟ್ರೈಲ್ ಗ್ಲೌಸ್ ಹಾಕಿಕೊಂಡೇ ಕೆಲಸ. ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕು ಎಬ್ಬಿಸುತ್ತದೆ. ಲೋಹಕ್ಕೂ ಒಳಗಿನ ಮಖಮಲ್ ಅಸ್ತರಿಗೂ ನಡುವೆ ಪಾಲಿಯೆಸ್ಟರ್ ಹಾಳೆ ತೂರಿಸುತ್ತೇನೆ. ಅಸ್ತರಿನ ಹೊಲಿಗೆ ಬಿಚ್ಚುವುದಿಲ್ಲ, ಒಗೆಯುವುದಿಲ್ಲ. ಒದ್ದೆಯಾದರೆ ಬಣ್ಣ ಬಿಡುತ್ತದೆ, ತೇವ ಹಿಡಿದುಕೊಂಡು ಉಕ್ಕನ್ನು ಹಿಂದಿನಿಂದ ತಿನ್ನುತ್ತದೆ. ಒಣ ದೂಳನ್ನು ಮೆತ್ತನೆ ಬ್ರಷ್‌ನಿಂದ ಎಬ್ಬಿಸಿ, ಬಾಯಿಗೆ ನೈಲಾನ್ ಬಲೆ ಕಟ್ಟಿದ ವ್ಯಾಕ್ಯೂಮ್‌ನಿಂದ ಎಳೆಯುತ್ತೇನೆ. ಜಿಡ್ಡಿಗೆ ಮೊದಲು ಮಿನರಲ್ ಟರ್ಪೆಂಟೈನ್, ಬಗ್ಗದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್, ಕೊನೆಗೆ ಅಸಿಟೋನ್. ಹತ್ತಿ ಸುತ್ತಿದ ಕಡ್ಡಿಯನ್ನು ತಿಕ್ಕದೆ ಉರುಳಿಸಬೇಕು. ಹತ್ತಿಗೆ ಕಂದು ಬಣ್ಣ ಬಂದರೆ ಸರಿ, ಹಳದಿ ಮಿಣುಕು ಕಂಡರೆ ಅಲ್ಲಿಗೇ ನಿಲ್ಲಿಸಿ.

ಇಲ್ಲಿಂದ ಮುಂದೆ ಕ್ರಮ ತಪ್ಪಿದರೆ ಕೆಲಸ ಕೆಡುತ್ತದೆ. ಎದ್ದಿರುವ ಚಿನ್ನವನ್ನು ತುಕ್ಕು ಬಿಡಿಸುವ ಮೊದಲೇ ಕಚ್ಚಿಸಬೇಕು, ಏಕೆಂದರೆ ಎಣ್ಣೆ ಸೋಕಿದ ಜಾಗಕ್ಕೆ ರಾಳ ಹಿಡಿಯುವುದಿಲ್ಲ. 100 ಮಿಲಿ ಅಸಿಟೋನ್‌ಗೆ 5 ಗ್ರಾಂ ಪ್ಯಾರಾಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ ಕರಗಿಸಿ, ಅತಿ ಸಣ್ಣ ಬ್ರಷ್‌ನ ತುದಿಯನ್ನು ಉಬ್ಬಿದ ಚಿನ್ನದ ಅಂಚಿಗೆ ಮುಟ್ಟಿಸಿದರೆ ದ್ರವ ತಾನಾಗಿ ಒಳಗೆ ಹರಿಯುತ್ತದೆ. ಉಬ್ಬನ್ನು ಬೆರಳಿಂದ ಒತ್ತಬಾರದು, ಅಡಿಯಲ್ಲಿರುವುದು ತುಕ್ಕಿನ ಪುಡಿ, ಒತ್ತಿದರೆ ಚಿನ್ನ ಸೀಳುತ್ತದೆ. ಒಂದು ದಿನ ಒಣಗಲಿ. ಆಮೇಲೆ ಅಸಿಟೋನನ್ನೂ ಆಲ್ಕೊಹಾಲನ್ನೂ ಆ ಕಡೆ ಸುಳಿಯಗೊಡಬಾರದು, ಹಾಕಿದ ರಾಳ ಬಿಟ್ಟುಬಿಡುತ್ತದೆ. ಟರ್ಪೆಂಟೈನ್‌ನಿಂದ ತೊಂದರೆ ಇಲ್ಲ.

ಗಟ್ಟಿಯಾಗಿ, ಒಂದೇ ಸಮನಾಗಿ ಕೂತ ಕಂದು ಪದರವನ್ನು ನಾನು ಮುಟ್ಟುವುದಿಲ್ಲ. ಕಿತ್ತಳೆ ಬಣ್ಣದ, ಪುಡಿಪುಡಿಯಾಗಿ ಬರುವ ತುಕ್ಕನ್ನು ಮಾತ್ರ ತೆಗೆಯುತ್ತೇನೆ. ಹೊಲಿಗೆ ಮಷಿನ್ ಎಣ್ಣೆಯನ್ನು ಬ್ರಷ್‌ನಿಂದ ಹಚ್ಚಿ ಎರಡು ದಿನ ಬಿಟ್ಟರೆ ಅದು ಮೆತ್ತಗಾಗುತ್ತದೆ. ಬರಿಯ ಉಕ್ಕಿನ ಮೇಲೆ ಕೊಂಬಿನ ಚೂರಿನಿಂದ ಕೆರೆಯಬಹುದು. ಚಿನ್ನದ ಬಳಿ ಚೂಪು ಮಾಡಿದ ಬಿದಿರು ಕಡ್ಡಿ ಮಾತ್ರ, ಅದೂ ಚಿನ್ನದ ಅಂಚಿನಿಂದ ಹೊರಕ್ಕೆ. ಒಳಮುಖವಾಗಿ ಎಳೆದರೆ ಕಡ್ಡಿ ಅಂಚಿನ ಅಡಿಗೆ ಸಿಕ್ಕಿ ಎಳೆ ಸಮೇತ ಎದ್ದು ಬರುತ್ತದೆ.

ಹುಣಸೆಹಣ್ಣು, ನಿಂಬೆರಸ, ಅಂಗಡಿಯ ತುಕ್ಕುನಾಶಕ ದ್ರಾವಣ ಯಾವುದೂ ಬೇಡ. ಆಮ್ಲ ಗೀರುಗಳೊಳಗೆ ಇಳಿದರೆ ತೊಳೆದು ತೆಗೆಯಲಾಗದು. ಮೊನೆಗಳನ್ನು ತಿಂದು ಹಾಕಿ, ಚಿನ್ನ ಈರುಳ್ಳಿ ಸಿಪ್ಪೆಯ ಹಾಗೆ ಕಳಚಿಕೊಳ್ಳುತ್ತದೆ. ಚಿನ್ನ ಎದ್ದು ಕಾಣಲೆಂದು ಬೇಕೆಂದೇ ಕಪ್ಪಾಗಿಸಿದ ಹಿನ್ನೆಲೆಯೂ ಬೂದಿ ಬಣ್ಣಕ್ಕೆ ತಿರುಗುತ್ತದೆ. ಸ್ಟೀಲ್ ವುಲ್‌ನ ತುಣುಕುಗಳು ಗೀರಿನಲ್ಲಿ ಉಳಿದು ಹೊಸ ತುಕ್ಕು ಶುರುಮಾಡುತ್ತವೆ. ಮೆಟಲ್ ಪಾಲಿಶ್‌ನ ಬಿಳಿ ಪುಡಿ ಒಮ್ಮೆ ಸೇರಿದರೆ ಪೂರ್ತಿ ಹೊರಬರುವುದೇ ಇಲ್ಲ.

ಕುಲಾಹ್ ಖುದ್ ಶಿರಸ್ತ್ರಾಣದ ಕೆಳಗೆ ಇಳಿಬಿದ್ದ ಉಂಗುರಜಾಲಕ್ಕೂ ಇದೇ ಕ್ರಮ. ಆದರೆ ಅದನ್ನು ತೂಗುಹಾಕಿ ಕೆಲಸ ಮಾಡಬಾರದು, ಒತ್ತಿ ಮುಚ್ಚಿದ ಉಂಗುರಗಳು ತಮ್ಮ ಭಾರಕ್ಕೇ ಬಾಯಿ ಬಿಡುತ್ತವೆ.

ಎಣ್ಣೆಯನ್ನೆಲ್ಲ ಟರ್ಪೆಂಟೈನ್‌ನಿಂದ ತೆಗೆದ ಮೇಲೆ, ಹೇರ್ ಡ್ರೈಯರ್‌ನಿಂದ ಕೈಗೆ ಬೆಚ್ಚಗೆನಿಸುವಷ್ಟು ಕಾಯಿಸಿ ಮೈಕ್ರೊಕ್ರಿಸ್ಟಲಿನ್ ಮೇಣ ಹಚ್ಚುತ್ತೇನೆ. ಅಂಗೈಯಗಲಕ್ಕೆ ಅಕ್ಕಿಕಾಳಿನಷ್ಟು ಸಾಕು. ಉಕ್ಕನ್ನು ಹಳೆಯ ಮಲ್ ಬಟ್ಟೆಯಿಂದ ಒರೆಸಬಹುದು, ಚಿನ್ನದ ಮೇಲೆ ಬ್ರಷ್ ಆಡಿಸಿದರೆ ಸಾಕು.

ಪ್ರದರ್ಶನಕ್ಕೆ ತೇಗದ ಬೀರು, ಪ್ಲೈವುಡ್ ಎರಡೂ ಬೇಡ, ಮರದಿಂದ ಹೊಮ್ಮುವ ಆಮ್ಲದ ಆವಿ ಮುಚ್ಚಿದ ಜಾಗದಲ್ಲಿ ಲೋಹಕ್ಕೆ ಕೆಡುಕು. ಕರಾವಳಿಯಲ್ಲಂತೂ ಮಳೆಗಾಲಕ್ಕೆ ಗಾಳಿಯಾಡದ ಪಾಲಿಪ್ರೊಪಿಲೀನ್ ಡಬ್ಬಿಯೇ ಸರಿ: ಒಳಗೆ ಕವಚದಷ್ಟೇ ತೂಕದ ಸಿಲಿಕಾ ಜೆಲ್, ಜೊತೆಗೊಂದು ತೇವಮಾಪಕ. ಮುಳ್ಳು ಶೇ 45 ದಾಟಿದರೆ, ಅಥವಾ ಕಿತ್ತಳೆ ಬಣ್ಣದ ಜೆಲ್ ಹಸಿರಿಗೆ ತಿರುಗಿದರೆ, ಅದನ್ನು 110 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ ಬಣ್ಣ ಮರಳುವ ತನಕ ಒಣಗಿಸಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಬೇಕು.