ಮಾತನಾಡದೆಯೇ 112ರ ನೆರವು ಕೋರುವ ಬಗೆ

ಕಿವಿ ಕೇಳಿಸದ ಅಥವಾ ಮಾತು ಬಾರದ ಸದಸ್ಯರಿರುವ ಮನೆಯವರು ದಯವಿಟ್ಟು ಇಂದೇ ಅವರ ಜೊತೆ ಕುಳಿತು, ಅವರ ಮೊಬೈಲಿನಲ್ಲಿ ‘112 ಇಂಡಿಯಾ’ ಆ್ಯಪ್ ಹಾಕಿ, ಹೆಸರನ್ನೂ ತುರ್ತು ಸಂಪರ್ಕದ ಸಂಖ್ಯೆಗಳನ್ನೂ ತುಂಬಿಸಿಕೊಡಿ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಒಂದೇ ಸಂಖ್ಯೆಯಾದ 112ಕ್ಕೆ ಕರೆ ಮಾಡಿ ವಿವರಿಸಲಾಗದವರು ಈ ಆ್ಯಪ್ ಮೂಲಕ ತಾವಿರುವ ಸ್ಥಳದ ಮಾಹಿತಿಯೊಂದಿಗೆ ನೆರವು ಕೋರಬಹುದು.

ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ವಿವರ ಕೇಳಲು ಆ ಕಡೆಯಿಂದ ಮರಳಿ ಕರೆ ಬಂದರೆ ಕೇಳಿಸದವರು ಉತ್ತರಿಸುವುದು ಹೇಗೆ? ಆದ್ದರಿಂದ ತುರ್ತು ಸಂಪರ್ಕದಲ್ಲಿ ಯಾವ ಹೊತ್ತಿನಲ್ಲೂ ಫೋನ್ ಎತ್ತುವವರ ಸಂಖ್ಯೆಯೇ ಇರಲಿ. ನನ್ನ ತಮ್ಮನ ಫೋನಿನ ಲಾಕ್ ಪರದೆಯಲ್ಲಿ ‘ನನಗೆ ಕಿವಿ ಕೇಳಿಸುವುದಿಲ್ಲ, ಬರೆದು ತಿಳಿಸಿ, ಈ ಸಂಖ್ಯೆಗೆ ಕರೆ ಮಾಡಿ’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದಪ್ಪ ಅಕ್ಷರಗಳಲ್ಲಿ ಬರೆದಿಟ್ಟಿದ್ದೇವೆ. ಅವನು ಬಸ್ಸಿನಲ್ಲಿ ತಲೆಸುತ್ತಿ ಬಿದ್ದ ದಿನ ನಿರ್ವಾಹಕರು ಅದನ್ನೇ ಓದಿ ನನಗೆ ಕರೆ ಮಾಡಿದ್ದರು.

ಪವರ್ ಬಟನ್ ಅನ್ನು ಬೇಗಬೇಗನೆ ಹಲವು ಬಾರಿ ಒತ್ತಿದರೆ ತುರ್ತು ಕರೆ ಹೋಗುವ ಸೌಲಭ್ಯ ಅನೇಕ ಸ್ಮಾರ್ಟ್‌ಫೋನ್‌ಗಳಲ್ಲಿದೆ. ಎಷ್ಟು ಬಾರಿ ಒತ್ತಬೇಕೆಂಬುದು ಫೋನಿನಿಂದ ಫೋನಿಗೆ ಬೇರೆಯಾಗುವುದರಿಂದ, ಸೆಟ್ಟಿಂಗ್ಸ್‌ನಲ್ಲಿ ನೋಡಿ ಅವರಿಗೆ ತೋರಿಸಿಕೊಡಿ; ಅಭ್ಯಾಸಕ್ಕೆಂದು ಮಾತ್ರ ನಿಜವಾದ ಕರೆ ಕಳುಹಿಸಬೇಡಿ.